ಮಧುಮೇಹದ ನರಹಾನಿ: ರಕ್ತಸೂಚಕಗಳ ಕೋಷ್ಟಕ ಎಲ್ಲಿಗೆ ಬಂದಿದೆ

ಮಧುಮೇಹದಿಂದಾಗುವ ನರಹಾನಿಯ ಸುಳಿವು ಕೊಡಬಲ್ಲ ರಕ್ತದ ಅಣುಗಳನ್ನು ಕುರಿತು, ಪ್ರಕಟಿತ ಪ್ರಬಂಧಗಳನ್ನು ಓದುತ್ತ ಬಿಡುವಿನಲ್ಲಿ ಕಟ್ಟುತ್ತಿರುವ ಕೋಷ್ಟಕದಲ್ಲಿ ನ್ಯೂರೋಫಿಲಮೆಂಟ್ ಲೈಟ್ ಚೈನ್‌ನ ಭಾಗ ಬಹುಮಟ್ಟಿಗೆ ಮುಗಿದಿದೆ. ಮೈಕ್ರೋ ಆರ್‌ಎನ್‌ಎ (ಜೀನುಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಅಣುಗಳು) ಭಾಗ ಮಾತ್ರ ಇನ್ನೂ ಅರ್ಧದಲ್ಲಿದೆ.

ನ್ಯೂರೋಫಿಲಮೆಂಟ್ ಎಂಬುದು ನರತಂತುವಿನ ಒಳಹಂದರದ ಪ್ರೋಟೀನು. ತಂತು ಹಾನಿಗೊಂಡಾಗ ಅದು ಸೋರಿ ರಕ್ತವನ್ನು ಸೇರುತ್ತದೆಯಾದರೂ ಅಲ್ಲಿ ಅದರ ಪ್ರಮಾಣ ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂಗಳಷ್ಟಿರುವುದರಿಂದ ಅತಿ ಸೂಕ್ಷ್ಮವಾದ ಅಳತೆಯ ವಿಧಾನವೇ ಬೇಕಾಗುತ್ತದೆ. ತೊಡಕಿರುವುದು ಅಳತೆಗಿಂತ ಹೆಚ್ಚಾಗಿ ಅರ್ಥೈಸುವಲ್ಲಿ. ಮೆದುಳು, ಬೆನ್ನುಹುರಿಗಳ ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಪಾರ್ಶ್ವವಾಯುವಿನಲ್ಲೂ ಏರುವ ಈ ಪ್ರೋಟೀನು ನರ ಹಾಳಾಗಿದೆ ಎನ್ನುತ್ತದೆಯೇ ಹೊರತು ಹಾಳುಮಾಡಿದ್ದು ಯಾವುದು ಎನ್ನುವುದಿಲ್ಲ. ವಯಸ್ಸಾದಂತೆ ಅದು ಹೆಚ್ಚುತ್ತದೆ, ಮೂತ್ರಪಿಂಡದ ಶಕ್ತಿ ಕುಗ್ಗಿದಾಗಲೂ ಹೆಚ್ಚುತ್ತದೆ. ಮಧುಮೇಹಿಗಳಲ್ಲಿ ಮೂತ್ರಪಿಂಡ ಮತ್ತು ನರ ಎರಡೂ ಒಟ್ಟಿಗೇ ಸೊರಗುವುದು ಸಾಮಾನ್ಯವಾದ್ದರಿಂದ, ಇಜಿಎಫ್‌ಆರ್ (ಮೂತ್ರಪಿಂಡ ರಕ್ತವನ್ನು ಸೋಸುವ ವೇಗದ ಅಂದಾಜು) ಮೌಲ್ಯವನ್ನು ಲೆಕ್ಕಕ್ಕೆ ಹಿಡಿಯದ ಅಧ್ಯಯನಗಳನ್ನು ಕೋಷ್ಟಕದಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿದ್ದೇನೆ.

ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ ಉದ್ದದ ಮೈಕ್ರೋ ಆರ್‌ಎನ್‌ಎಗಳಲ್ಲಿ, ಉರಿಯೂತವನ್ನು ನಿಯಂತ್ರಿಸುವ ಎಂಐಆರ್-146ಎ ಮತ್ತು ಎಂಐಆರ್-155 ಮತ್ತೆ ಮತ್ತೆ ಎದುರಾಗುತ್ತವೆ. ಇಲ್ಲಿ ನಾನು ಮೊದಲು ನೋಡುವುದು ಫಲಿತಾಂಶವನ್ನಲ್ಲ, ರಕ್ತ ತೆಗೆದ ಬಗೆಯನ್ನು. ಮಾದರಿಯಲ್ಲಿ ಕೆಂಪುಕಣಗಳು ಒಡೆದರೆ ಅವುಗಳೊಳಗೆ ಹೇರಳವಾಗಿರುವ ಎಂಐಆರ್-451ಎ ಮತ್ತು ಎಂಐಆರ್-16 ಪ್ಲಾಸ್ಮಾಕ್ಕೆ ಸುರಿಯುತ್ತವೆ. ಇವುಗಳಲ್ಲಿ ಎಂಐಆರ್-16 ಅನ್ನೇ ಹೋಲಿಕೆಯ ಆಧಾರವಾಗಿ ಬಳಸಿದ್ದರೆ ಉಳಿದ ಅಣುಗಳೆಲ್ಲ ಇಳಿದಂತೆ ಕಾಣುತ್ತವೆ. ಕಣ ಒಡೆದಿದೆಯೇ ಎಂದು ತಿಳಿಯಲು ಎಂಐಆರ್-23ಎ ಮತ್ತು ಎಂಐಆರ್-451ಎ ಸಿಟಿ ಮೌಲ್ಯಗಳ (ಪಿಸಿಆರ್ ಪರೀಕ್ಷೆಯಲ್ಲಿ ಅಣು ಪತ್ತೆಯಾಗಲು ಬೇಕಾದ ಸುತ್ತುಗಳ ಸಂಖ್ಯೆ) ವ್ಯತ್ಯಾಸವನ್ನು ನೋಡುವ ಪದ್ಧತಿಯಿದೆ. ಅದು 7ನ್ನು ಮೀರಿದರೆ ಮಾದರಿಯನ್ನು ಅನುಮಾನಿಸಲೇಬೇಕು. ಈ ಪರೀಕ್ಷೆಯ ಉಲ್ಲೇಖವೇ ಇಲ್ಲದ ಪ್ರಬಂಧಗಳಿಗೆ, ಅವುಗಳ ಅಂಕಿಗಳು ಎಷ್ಟೇ ಆಕರ್ಷಕವಾಗಿದ್ದರೂ, ಸದ್ಯಕ್ಕೆ ಅರೆ ತೂಕ.

ಸೂಚಕವನ್ನು ಯಾವುದರೊಂದಿಗೆ ಹೋಲಿಸಿದ್ದಾರೆ ಎಂಬುದಕ್ಕೂ ಒಂದು ಅಂಕಣವನ್ನು ಸೇರಿಸಿದ್ದೇನೆ. ನರದಲ್ಲಿ ವಿದ್ಯುತ್ ಸಂಕೇತ ಸಾಗುವುದನ್ನು ನೋಡುವ ನರವಹನ ಪರೀಕ್ಷೆ ದಪ್ಪ ತಂತುಗಳನ್ನಷ್ಟೇ ಅಳೆಯುತ್ತದೆ. ಎಷ್ಟೋ ರೋಗಿಗಳಲ್ಲಿ ಮೊದಲು ಕೆಡುವ ಸಣ್ಣ ತಂತುಗಳನ್ನು ಕಾಣಲು ಪಾದದ ಗಿಣ್ಣಿನಿಂದ 10 ಸೆಂಟಿಮೀಟರ್ ಮೇಲೆ 3 ಮಿಲಿಮೀಟರ್ ಅಗಲದ ಚರ್ಮದ ತುಣುಕನ್ನು ತೆಗೆದು ನೋಡಬೇಕು. ಆರಂಭದ ಹಂತದಲ್ಲೇ ಹಾನಿಯನ್ನು ಹಿಡಿಯುವ ಸೂಚಕವೆಂದು ಹೇಳಿಕೊಂಡು ನರವಹನವನ್ನೊಂದೇ ಅಳತೆಗೋಲಾಗಿಸುವುದು ನನಗೆ ಒಪ್ಪಿಗೆಯಾಗದು.

ಮುಂದಿನ ಕೆಲಸ ಬಿ12 ಅಂಕಣದ್ದು. ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್ ದೀರ್ಘಕಾಲ ಸೇವಿಸುವವರಲ್ಲಿ ಈ ವಿಟಮಿನ್ ಇಳಿಯಬಹುದು, ಅದರ ಕೊರತೆಯೂ ನರವನ್ನು ಕೆಡಿಸುತ್ತದೆ; ಆದ್ದರಿಂದ ಅದನ್ನು ಅಳೆದು ಕೊರತೆಯಿರುವವರನ್ನು ಹೊರಗಿಟ್ಟ ಅಧ್ಯಯನಗಳನ್ನು ಮೊದಲು ಬೇರ್ಪಡಿಸಿಕೊಳ್ಳುತ್ತೇನೆ.