ಹತ್ತನೇ ಸ್ಟಡ್

ನಮ್ಮ ಹಾರ್ಡ್‌ವೇರ್ ಲ್ಯಾಬಿಗೆ ಕಾಲಿಟ್ಟ ಕೂಡಲೇ ಸರ್ ನೋಡುತ್ತಿದ್ದುದು ನಮ್ಮ ಮುಖವನ್ನಲ್ಲ, ಕೈಯನ್ನು. ಉಂಗುರ, ಕಡಗ, ವಾಚು ಎಲ್ಲ ಜೇಬಿಗೆ ಹೋಗಬೇಕು. ಆಮೇಲೆ ಕಂಪ್ಯೂಟರ್ ಕ್ಯಾಬಿನೆಟ್‌ನಲ್ಲಿ ಬಣ್ಣ ಬಳಿಯದ ಜಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿ ಸೇರಿದ ಸ್ಟ್ಯಾಟಿಕ್ ವಿದ್ಯುತ್ತನ್ನು ಇಳಿಸಬೇಕು. ಆ ಸ್ಟ್ಯಾಟಿಕ್ ನಮ್ಮ ಬೆರಳಿಗೆ ಚುರುಕ್ ಅನ್ನಲು ಸುಮಾರು 3000 ವೋಲ್ಟ್ ಆದರೂ ಬೇಕು. ಕೆಲವು ಚಿಪ್‌ಗಳು ಅದಕ್ಕಿಂತ ಎಷ್ಟೋ ಕಡಿಮೆಗೇ ಕೆಟ್ಟುಹೋಗುತ್ತವೆ. ಪವರ್ ಕೇಬಲ್ಲನ್ನೂ ಕಿತ್ತಿಡಲೇಬೇಕಿತ್ತು. ಎಟಿಎಕ್ಸ್ (ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾದ ಮಾದರಿ) ಸಿಸ್ಟಮ್ ಆಫ್ ಮಾಡಿದರೂ ಎಸ್‌ಎಂಪಿಎಸ್‌ನಿಂದ, ಅಂದರೆ ಪವರ್ ಸಪ್ಲೈ ಡಬ್ಬಿಯಿಂದ, ಮದರ್‌ಬೋರ್ಡಿಗೆ 5 ವೋಲ್ಟ್ ಬರುತ್ತಲೇ ಇರುತ್ತದೆ, ಅಲ್ವಾ.

2004ರ ಒಂದು ಮಧ್ಯಾಹ್ನ ನನಗೂ ನನ್ನ ಲ್ಯಾಬ್ ಜೊತೆಗಾರನಿಗೂ ಒಂದು ಹಳೇ ಕ್ಯಾಬಿನೆಟ್ ಸಿಕ್ಕಿತು. ಅದರಲ್ಲಿದ್ದದ್ದು 244 ಮಿ.ಮೀ. ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡ್. ಈಗ ಕೂರಿಸಬೇಕಾಗಿದ್ದು 305 ಮಿ.ಮೀ. ಉದ್ದದ ಪೂರ್ತಿ ಎಟಿಎಕ್ಸ್. ಬೋರ್ಡನ್ನು ಕ್ಯಾಬಿನೆಟ್ ತಗಡಿಗೆ ತಾಗದಂತೆ ಎತ್ತಿ ಹಿಡಿದು ಸ್ಕ್ರೂ ಕೂರಿಸಿಕೊಳ್ಳುವ ಪುಟ್ಟ ಹಿತ್ತಾಳೆ ಕಂಬಗಳೇ ಸ್ಟಡ್. ಮೇಲಿನ ಎರಡು ಸಾಲಿನವು ಹಾಗೇ ಇರಬಹುದು, ಕೆಳಗಿನ ಸಾಲಿನದು ಮಾತ್ರ ಜಾಗ ಬದಲಾಯಿಸಬೇಕು. ಬದಲಾಯಿಸಿದೆವು ಕೂಡ. ಹಿಂಭಾಗದ ಪೋರ್ಟುಗಳ ಸುತ್ತ ಬರುವ ಬ್ಯಾಕ್ ಪ್ಲೇಟ್ ಒಳಗಿನಿಂದ ಒತ್ತಿ ಕೂರಿಸಿದೆವು. ಬೋರ್ಡ್ ಇಳಿಸುವಾಗ ಅದರ ತಗಡಿನ ನಾಲಗೆ ಯುಎಸ್‌ಬಿ ಪೋರ್ಟಿನೊಳಗೆ ಹೋಗಿ ನನ್ನ ಬೆರಳೂ ಕುಯ್ದುಕೊಂಡಿತು. ಬೋರ್ಡನ್ನು ಓರೆಯಾಗಿ ಇಳಿಸಿ, ಒಂಬತ್ತು ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಾಕಿ, ಆಮೇಲೆ ಒಂದೊಂದಾಗಿ ಬಿಗಿ ಮಾಡಿದೆವು. ಒಂಬತ್ತೂ ಸಲೀಸಾಗಿ ಕೂತವು. ನಮಗೆ ಜಂಬ.

ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ರ‍್ಯಾಮ್ ಕಿತ್ತು ಹಾಕಿದೆವು, ಕೇಬಲ್ ಅಲ್ಲಾಡಿಸಿದೆವು, ಎಸ್‌ಎಂಪಿಎಸ್ಸನ್ನು ಬೈದೆವು.

ಸರ್ ಬಂದು, "ಎಷ್ಟು ಸ್ಟಡ್ ಇದೆಯಪ್ಪಾ?" ಎಂದರು.

"ಒಂಬತ್ತು ಸರ್."

"ಸ್ಕ್ರೂ ಎಣಿಸಿ ಹೇಳ್ತಿದ್ದೀಯ. ಸ್ಟಡ್ ಎಣಿಸಿದ್ಯಾ?"

ಟಾರ್ಚ್ ಹಿಡಿದು ಬೋರ್ಡಿನ ಅಡಿಗೆ ಓರೆಯಾಗಿ ಬೆಳಕು ಬಿಟ್ಟರು. ತೂತೇ ಇಲ್ಲದ ಜಾಗದಲ್ಲಿ ಹತ್ತನೆಯದು ಹಳದಿಯಾಗಿ ಹೊಳೆಯಿತು. ಹಳೇ ಸಾಲಿನ ಮೂರರಲ್ಲಿ ಎರಡನ್ನಷ್ಟೇ ಬಿಚ್ಚಿದ್ದೆವು. ಉಳಿದದ್ದು ಬೋರ್ಡಿನ ಬೆನ್ನಿನ ಬೆಸುಗೆ ತುದಿಗಳಿಗೆ ತಾಗಿ ಶಾರ್ಟ್ ಆಗುತ್ತಿತ್ತು. ಎಸ್‌ಎಂಪಿಎಸ್ ತಾನೇ ಕಟ್ ಆಗಿ ಬೋರ್ಡನ್ನು ಉಳಿಸಿತ್ತು. ನಾವು ಸುಮ್ನೆ ಅದನ್ನೇ ಬೈದಿದ್ದೆವು!

ಹಾಗಾದರೆ ಎಲ್ಲ ಕಡೆಯೂ ವಿದ್ಯುತ್ ದಾಟದಂತೆ ತಡೆಯುವ ಕೆಂಪು ಪೇಪರ್ ವಾಷರ್ ಹಾಕಿಬಿಡೋಣವೇ ಎಂದು ಜೊತೆಗಾರ ಕೇಳಿದ. ಬೇಡ ಎಂದರು ಸರ್. ವಾಷರ್ ಹಾಕಿದರೂ ತೂತಿಲ್ಲದ ಕಡೆ ನಿಂತ ಸ್ಟಡ್ ತಾಗುವುದು ತಪ್ಪುವುದಿಲ್ಲ. ತೂತಿನ ಸುತ್ತ ಬೆಳ್ಳಗಿನ ಉಂಗುರ ಇರುವುದೇ ಬೋರ್ಡಿನ ಗ್ರೌಂಡು ಸ್ಟಡ್ ಮೂಲಕ ಕ್ಯಾಬಿನೆಟ್‌ಗೆ ಸೇರಲಿ ಅಂತ.

ಒಂಬತ್ತು ಸ್ಕ್ರೂ ಬಿಚ್ಚಿ, ಬೋರ್ಡ್ ಎತ್ತಿ, ಆ ಹತ್ತನೇ ಸ್ಟಡ್ ತೆಗೆದು ಮತ್ತೆ ಕೂರಿಸುವಷ್ಟರಲ್ಲಿ ಸಂಜೆ ಬಸ್ಸು ಹೋಗಿತ್ತು. ಡಿಸ್‌ಪ್ಲೇ ಬಂತು.

ಮರುದಿನ ರೆಕಾರ್ಡಿನಲ್ಲಿ ಚಿತ್ರ ಬರೆಯುವಾಗ ಜೊತೆಗಾರ ಹತ್ತು ಸ್ಟಡ್ ಹಾಕಿದ್ದ. ಸರ್ ಎಣಿಸಿದರು. ನಕ್ಕು, ಸಹಿ ಹಾಕಿದರು.