ಜೇಬಿನಲ್ಲಿದ್ದ ಮ್ಯಾಗ್ನೆಟ್

ಕಳೆದ ವಾರ ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಮ್ಯೂಸಿಯಂ ಕೀಲಿ ಕೇಳಿಕೊಂಡು ಬಂದ. ಅವನ ಬೈಕ್ ಕೀ ಗೊಂಚಲಿನಲ್ಲಿ ಒಂದು ಪುಟ್ಟ ಮ್ಯಾಗ್ನೆಟ್ ತೂಗಾಡುತ್ತಿತ್ತು. ಅದನ್ನು ಹೊರಗೆ ಇಟ್ಟು ಬಾ ಅಂತ ಸ್ವಲ್ಪ ಜೋರಾಗಿಯೇ ಹೇಳಿಬಿಟ್ಟೆ. ಪಾಪ, ಗಾಬರಿಯಾದ. ಆಮೇಲೆ ಕೂರಿಸಿಕೊಂಡು ಕಾರಣ ಹೇಳಿದೆ. ಹೇಳುವಾಗ ನಾಲ್ಕು ವರ್ಷದ ಹಿಂದಿನದೆಲ್ಲ ಮತ್ತೆ ಎದೆಗೆ ಬಂದು ಕೂತಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಲ್ಯಾಬ್ ಮತ್ತು ಮ್ಯೂಸಿಯಂ ನೋಡಿಕೊಳ್ಳುತ್ತೇನೆ. 19 ವರ್ಷ ಆಯಿತು. ಮೈಕ್ರೋಸ್ಕೋಪ್‌ನಲ್ಲಿ ನೋಡಲು ಕಲ್ಲನ್ನು ತೆಳ್ಳಗೆ ಥಿನ್ ಸೆಕ್ಷನ್ ಆಗಿ ಉಜ್ಜುವುದು, ಪ್ರಾಕ್ಟಿಕಲ್ಸ್‌ಗೆ ಸ್ಪೆಸಿಮನ್ ಜೋಡಿಸುವುದು, ಸ್ಟಾಕ್ ರಿಜಿಸ್ಟರ್, ಸಾಮಾನು ತರಿಸುವ ಇಂಡೆಂಟ್, ಎಲ್ಲ ನನ್ನ ತಲೆ ಮೇಲೆಯೇ. ಬೀರುಗಳಲ್ಲಿ ಇರುವುದು ಬಹುಪಾಲು ನಮ್ಮ ಸುತ್ತಮುತ್ತಲಿನ ಕಲ್ಲು. ದೊಡ್ಡಕನ್ಯದ ಮ್ಯಾಗ್ನೆಸೈಟ್, ಬೈರಾಪುರದ ಕ್ರೋಮೈಟ್, ಅಂಥವು. ಮೂರನೇ ಬೀರುವಿನ ಮೇಲಿನ ಅರೆಯಲ್ಲಿ ಮಾತ್ರ ಆಕಾಶದಿಂದ ಬಿದ್ದ ಎರಡು ಕಲ್ಲುಗಳಿವೆ. ಒಂದು ಅರ್ಜೆಂಟೀನಾದ ಕಾಂಪೊ ದೆಲ್ ಸಿಯೆಲೊ, ಅಂಗೈಯಗಲದ ಕಬ್ಬಿಣದ ಬಿಲ್ಲೆ. ಇನ್ನೊಂದು ಅಯೆಂಡೆ, 61 ಗ್ರಾಂ.

ಈ ಅಯೆಂಡೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. 1969ರ ಫೆಬ್ರುವರಿ 8ರ ನಸುಕಿನಲ್ಲಿ ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ಬಿದ್ದದ್ದು. ಎರಡು ಟನ್‌ಗಿಂತ ಜಾಸ್ತಿ ಸಿಕ್ಕಿತು. ಚಂದ್ರನ ಕಲ್ಲು ತರುತ್ತಾರೆ ಅಂತ ಅಮೆರಿಕದ ಲ್ಯಾಬ್‌ಗಳು ಆಗಷ್ಟೇ ಸಜ್ಜಾಗುತ್ತಿದ್ದವು. ಚಂದ್ರನಿಗಿಂತ ಮೊದಲೇ ಇದು ತಾನಾಗಿ ಬಂದು ಬಿತ್ತು. ಕಪ್ಪು ಕಲ್ಲಿನೊಳಗೆ ಅಕ್ಕಿನುಚ್ಚಿನ ಹಾಗೆ ಬಿಳಿ ಚೂರುಗಳಿವೆ. ಅವುಗಳ ವಯಸ್ಸು ಸುಮಾರು 456 ಕೋಟಿ ವರ್ಷ. ಭೂಮಿಗಿಂತ ಹಳೆಯವು. ಸೂರ್ಯನ ಸುತ್ತ ಮೊಟ್ಟಮೊದಲು ಗಟ್ಟಿಯಾದ ವಸ್ತುಗಳಲ್ಲಿ ಅವೂ ಸೇರಿವೆ.

ನಮ್ಮ ಹಿರಿಯ ಪ್ರೊಫೆಸರೊಬ್ಬರು 70ರ ದಶಕದಲ್ಲಿ ಅಮೆರಿಕದಿಂದ ಬರುವಾಗ ಈ ತುಂಡನ್ನು ಹತ್ತಿಯಲ್ಲಿ ಸುತ್ತಿ ತಂದಿದ್ದರು. ಯಾರು ಕೊಟ್ಟರು, ಎಂದು ಕೊಟ್ಟರು, ಇದನ್ನು ಕತ್ತರಿಸಿಲ್ಲ, ತೊಳೆದಿಲ್ಲ ಅಂತ ಕಾರ್ಡಿನ ಮೇಲೆ ಇಂಕ್ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಒಮ್ಮೆ ಬಂದಿದ್ದರು. ಬೀರು ತೆಗೆಸಿ ನೋಡಿ, ‘ಚೆನ್ನಾಗಿ ಇಟ್ಟಿದ್ದೀಯಪ್ಪ’ ಅಂದು ಹೋದರು. ಆ ಮಾತು ನನಗೆ ದೊಡ್ಡದಾಗಿತ್ತು.

ನಾಲ್ಕು ವರ್ಷದ ಹಿಂದೆ ಬೇಸಿಗೆಯಲ್ಲಿ ಒಂದು ಬೆಂಕಿ ಉಂಡೆಯ ವಿಡಿಯೊ ಎಲ್ಲರ ವಾಟ್ಸ್ಆ್ಯಪ್‌ನಲ್ಲೂ ಓಡಾಡಿತು. ಉಲ್ಕೆ ಕಲ್ಲಿಗೆ ಲಕ್ಷಗಟ್ಟಲೆ ಬೆಲೆ ಅಂತ ಕೆಳಗೆ ಬರೆದಿತ್ತು. ಸರಿ, ನಮ್ಮ ವಿಭಾಗದ ಬಾಗಿಲಿಗೆ ಕಲ್ಲುಗಳು ಬರತೊಡಗಿದವು. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ, ಟಿ. ನರಸೀಪುರ, ಎಲ್ಲ ಕಡೆಯಿಂದ. ಎರಡು ತಿಂಗಳಲ್ಲಿ 30ಕ್ಕೂ ಹೆಚ್ಚು. ಹೊಳೆಯಲ್ಲಿ ನುಣುಪಾದ ಕರಿಗಲ್ಲು, ಕಬ್ಬಿಣದ ಅದಿರು, ಬಾಯ್ಲರ್‌ನಲ್ಲಿ ಬೂದಿ ಕರಗಿ ಗಟ್ಟಿಯಾದದ್ದು. ಒಂದೂ ಉಲ್ಕೆಯಲ್ಲ. ಉಲ್ಕೆಗಳು ನಮ್ಮ ಕಡೆ ಬೀಳುವುದೇ ಇಲ್ಲ ಅಂತೇನಲ್ಲ. 1866ರಲ್ಲಿ ಉಡುಪಿಯಲ್ಲಿ ಬಿದ್ದಿದೆ. 2008ರ ಸೆಪ್ಟೆಂಬರ್‌ನಲ್ಲಿ ಹೊಸೂರಿನ ಹತ್ತಿರ ಶೂಲಗಿರಿಯಲ್ಲಿ ಬಿದ್ದದ್ದು ಸುಮಾರು 110 ಕೆ.ಜಿ. ಹಾಗಾಗಿ ಪ್ರತಿ ಕಲ್ಲನ್ನೂ ಆಸೆಯಿಂದಲೇ ನೋಡುತ್ತಿದ್ದೆ.

ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ತೆಗೆದ ಒಂದು ಮ್ಯಾಗ್ನೆಟ್ ನನ್ನ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಸಣ್ಣದಾದರೂ ಬಹಳ ಜೋರು. ಯಾರು ಕಲ್ಲು ತಂದರೂ ಮೊದಲು ಅದನ್ನು ಮುಟ್ಟಿಸುತ್ತಿದ್ದೆ. ಬಹುತೇಕ ಉಲ್ಕೆಗಳಲ್ಲಿ ಕಬ್ಬಿಣ ಇರುತ್ತದೆ, ಮ್ಯಾಗ್ನೆಟ್ ಅಂಟುತ್ತದೆ ಅಂತ ಎಲ್ಲರೂ ಹಾಗೇ ಮಾಡುತ್ತಾರೆ, ಎಲ್ಲ ಕಡೆ ಹಾಗೇ ಬರೆದಿರುತ್ತದೆ. ನಾನೂ ಎರಡನೇ ಯೋಚನೆ ಮಾಡಿರಲಿಲ್ಲ.

ಜುಲೈನ ಒಂದು ಬೆಳಿಗ್ಗೆ ನಾಗಮಂಗಲ ಕಡೆಯಿಂದ ಹಿರಿಯ ರೈತರೊಬ್ಬರು ಬಂದರು. ಟವೆಲ್‌ನಲ್ಲಿ ಸುತ್ತಿದ ಕಲ್ಲು, ಮೇಲೆ ಅರಿಶಿನ ಕುಂಕುಮ. ಹೊಲ ಉಳುವಾಗ ಸಿಕ್ಕಿತಂತೆ. ಮೂರು ದಿನ ದೇವರ ಮನೆಯಲ್ಲಿ ಇಟ್ಟಿದ್ದರು. ನೋಡಿದ ಕೂಡಲೇ ಗೊತ್ತಾಯಿತು, ಅದು ಕಬ್ಬಿಣದ ಕಿಟ್ಟ. ಹಿಂದೆ ನಮ್ಮ ಸೀಮೆಯಲ್ಲಿ ಅದಿರು ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಕುಲುಮೆಗಳ ಕಸ. ಮೈತುಂಬಾ ಗಾಳಿಗುಳ್ಳೆಯ ತೂತು. ಉಲ್ಕೆಯಲ್ಲಿ ಸಾಮಾನ್ಯವಾಗಿ ಹಾಗೆ ತೂತು ಇರುವುದಿಲ್ಲ. ಮೇಲೆ ತೆಳ್ಳಗೆ ಸುಟ್ಟ ಸಿಪ್ಪೆ ಇರುತ್ತದೆ, ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ ತಗ್ಗು ಇರಬಹುದು.

‘ಯಜಮಾನ್ರೇ, ಇದು ಕಿಟ್ಟ’ ಅಂದೆ.

‘ಕಿಟ್ಟ ನಮಗೆ ಗೊತ್ತಿಲ್ವಾ ಸಾ? ನಮ್ಮೂರ ಕೆರೆ ಏರಿ ಪಕ್ಕ ರಾಶಿ ಬಿದ್ದದೆ. ಇದು ಅದಲ್ಲ’ ಅಂದರು.

11 ಗಂಟೆಗೆ ಬ್ಯಾಚ್ ಇತ್ತು. ಮೈಕ್ರೋಸ್ಕೋಪ್ ಇನ್ನೂ ಹೊರಗೆ ಇಟ್ಟಿರಲಿಲ್ಲ. ಬೇಗ ಒಪ್ಪಿಸಿ ಕಳಿಸಬೇಕು ಅಂತ ಜೇಬಿನಿಂದ ಮ್ಯಾಗ್ನೆಟ್ ತೆಗೆದೆ. ಕಿಟ್ಟಕ್ಕೆ ಟಪ್ ಅಂತ ಅಂಟಿಕೊಂಡಿತು. ಒಳಗೆ ಉಳಿದ ಕಬ್ಬಿಣ ಅದು. ಅವರ ಮುಖ ಅರಳಿತು. ಕೆಲಸ ಕೆಟ್ಟಿತಲ್ಲ ಅನ್ನಿಸಿತು. ನಿಜವಾದ್ದು ಹೇಗಿರುತ್ತದೆ ತೋರಿಸಿದರೆ ಮುಗಿಯಿತು ಅಂದುಕೊಂಡು ಮೂರನೇ ಬೀರು ತೆಗೆದೆ. ಗ್ಲೌಸ್ ಕೂಡ ಹಾಕಿಕೊಳ್ಳಲಿಲ್ಲ. ಅಯೆಂಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಮ್ಯಾಗ್ನೆಟ್ ಮುಟ್ಟಿಸಿದೆ.

ಸರಿಯಾಗಿ ಅಂಟಲಿಲ್ಲ.

ಅಯೆಂಡೆಯಲ್ಲಿ ಲೋಹದ ಕಬ್ಬಿಣ ಬಹಳ ಕಡಿಮೆ. ಅದು ನನಗೆ ಗೊತ್ತಿದ್ದ ವಿಷಯವೇ, ಆ ಹೊತ್ತಿಗೆ ತಲೆಗೆ ಬರಲಿಲ್ಲ. ಎಲ್ಲಾದರೂ ಒಂದು ಕಡೆ ಗಟ್ಟಿಯಾಗಿ ಹಿಡಿಯಬಹುದು ಅಂತ ಕಲ್ಲನ್ನು ತಿರುಗಿಸಿದೆ. ಇನ್ನೊಂದು ಬದಿ. ಮತ್ತೊಂದು ಬದಿ. ಅಡಿಭಾಗ. ಒಂದು ಕಡೆ ಉಜ್ಜಿಯೂ ನೋಡಿದೆ. ಎಲ್ಲ ಕಡೆಯೂ ಸುಮ್ನೆ ಸ್ವಲ್ಪ ಎಳೆದಂತಾಯಿತು, ಅಷ್ಟೇ.

‘ಸಾ, ನಿಮ್ದು ಅಂಟ್ತಾನೇ ಇಲ್ವಲ್ಲ. ನಮ್ದೇ ಚೆನ್ನಾಗ್ ಹಿಡ್ಕತದೆ’ ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮ್ಯಾಗ್ನೆಟ್ ಹೇಳುವ ಮಾತು ಅಷ್ಟೇ. ಅದಿರಿಗೂ ಅಂಟುತ್ತದೆ, ಕಿಟ್ಟಕ್ಕೂ ಅಂಟುತ್ತದೆ, ಹಾರೆಯ ತುಂಡಿಗೂ ಅಂಟುತ್ತದೆ.

ಆಮೇಲೆ ಬ್ಯಾಚ್ ಮರೆತು ಅವರ ಜೊತೆ ಕೂತೆ. 1621ರ ಏಪ್ರಿಲ್‌ನಲ್ಲಿ ಜಲಂಧರದ ಹತ್ತಿರ ಕಬ್ಬಿಣದ ಉಲ್ಕೆ ಬಿದ್ದ ಕಥೆ ಹೇಳಿದೆ. ಬಾದಶಹ ಜಹಾಂಗೀರ್ ಅದನ್ನು ತರಿಸಿಕೊಂಡ, ತೂಕ 160 ತೊಲ. ಕತ್ತಿ ಮಾಡು ಅಂತ ಕಮ್ಮಾರನಿಗೆ ಕೊಟ್ಟರೆ ಸುತ್ತಿಗೆ ಪೆಟ್ಟಿಗೆ ಪುಡಿಯಾಯಿತು. ಆಮೇಲೆ ಮೂರು ಪಾಲು ಇದಕ್ಕೆ ಒಂದು ಪಾಲು ಬೇರೆ ಕಬ್ಬಿಣ ಸೇರಿಸಿ ಎರಡು ಕತ್ತಿ, ಒಂದು ಚಾಕು, ಒಂದು ಕಠಾರಿ ಮಾಡಿದರು. ಜಹಾಂಗೀರನೇ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಆ ಚಾಕು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. ಯಜಮಾನರು ಗಮನವಿಟ್ಟು ಕೇಳಿದರು. ‘ಹಂಗಾರೆ ನಮ್ಮೂರಲ್ಲೂ ಕತ್ತಿ ಮಾಡ್ತಿದ್ರು ಅನ್ನಿ’ ಅಂತ ಕಿಟ್ಟವನ್ನು ನನಗೇ ಕೊಟ್ಟು ಹೋದರು. ಒಳ್ಳೆಯ ಬೆಳಿಗ್ಗೆ ಅಂತಲೇ ಆ ದಿನ ಅನ್ನಿಸಿತ್ತು.

ಆರು ವಾರ ಆದ ಮೇಲೆ ಹೊರಗಿನ ಸಂಸ್ಥೆಯಿಂದ ಒಬ್ಬ ಸಂಶೋಧಕಿ ಬಂದರು. ಅವರಿಗೆ ಅಯೆಂಡೆಯ ಒಂದು ಚೂರು ಬೇಕಿತ್ತು. ಆ ಕಲ್ಲು ಹುಟ್ಟಿದ ಪುಟ್ಟ ಗ್ರಹದಲ್ಲಿ ಕಾಂತಕ್ಷೇತ್ರ ಇತ್ತೇ ಅನ್ನುವುದರ ಗುರುತು ಅದರ ಖನಿಜಗಳಲ್ಲಿ ಕೂತಿರುತ್ತದೆ. 2011ರಲ್ಲಿ ಅಯೆಂಡೆಯ ಆ ಗುರುತನ್ನು ಅಳೆದವರು, ಅದರ ಮೂಲ ಗ್ರಹದ ಒಳಗು ಕರಗಿ, ಭೂಮಿಯ ಹಾಗೆ ತಾನೇ ಕಾಂತಕ್ಷೇತ್ರ ಹುಟ್ಟಿಸುತ್ತಿದ್ದಿರಬೇಕು ಅಂತ ವಾದಿಸಿದ್ದರು. ಯಾರೂ ಕೈಹಾಕದ ಹಳೆಯ ತುಂಡು ಸಿಗುವುದು ಕಷ್ಟ ಅಂತ, ನಮ್ಮ ಕಾರ್ಡಿನ ಫೋಟೊ ನೋಡಿ ಬಂದಿದ್ದರು.

ಟೇಬಲ್ ಮೇಲೆ ಬಿಳಿ ಪೇಪರ್ ಹಾಸಿ ಗ್ಲೌಸ್ ಹಾಕಿಕೊಂಡರು. ಒಂದು ಫಾರಂ ತೆಗೆದರು. ತೂಕ, ಬಂದ ದಾರಿ, ಕತ್ತರಿಸಿದ್ದು, ಬಿಸಿ ಮಾಡಿದ್ದು, ಒಂದೊಂದೇ ಕೇಳಿದರು. ಎಚ್‌ಓಡಿ ಉತ್ತರ ಕೊಡುತ್ತಿದ್ದರು. ಆಮೇಲೆ ಕೇಳಿದರು: ‘ಇದಕ್ಕೆ ಯಾರಾದರೂ ಮ್ಯಾಗ್ನೆಟ್ ಮುಟ್ಟಿಸಿದ್ದಾರಾ?’

‘ಛೆ ಛೆ, ಇಲ್ಲ ಮೇಡಂ. ಅಂದಿನಿಂದ ಬೀಗದಲ್ಲೇ ಇದೆ’ ಅಂದರು ಎಚ್‌ಓಡಿ.

ಮ್ಯಾಗ್ನೆಟ್ ಆಗಲೂ ನನ್ನ ಜೇಬಿನಲ್ಲಿತ್ತು. ತೊಡೆಗೆ ತಣ್ಣಗೆ ತಗುಲುತ್ತಿತ್ತು. ಟೇಬಲ್ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಬಾಯಿ ತೆಗೆಯಲು ನೋಡಿದೆ, ಅಷ್ಟರಲ್ಲಿ ಟೀ ಬಂತು. ಟೀ ಕೊಡುವ ನೆಪದಲ್ಲಿ ಕಾರಿಡಾರ್‌ಗೆ ಹೋದೆ. ಮ್ಯಾಗ್ನೆಟ್ ತೆಗೆದು ಕಿಟಕಿ ಸಂದಿಯಲ್ಲಿಟ್ಟೆ. ನಾಚಿಕೆ ಆಗುತ್ತದೆ ಈಗಲೂ, ಅದನ್ನು ಬಚ್ಚಿಟ್ಟರೆ ಆದದ್ದು ಹೋಗುತ್ತದೆ ಅನ್ನುವ ಹಾಗೆ ನಡೆದುಕೊಂಡೆ. ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ನೋಡಿದವರು ಒಬ್ಬರೇ, ಅವರು ನಾಗಮಂಗಲದಲ್ಲಿದ್ದಾರೆ. ಎರಡು ನಿಮಿಷದ ಮಾತು. ಸ್ವಲ್ಪ ಹೊತ್ತು ಮುಟ್ಟಿದರೆ ಏನಾಗಿರುತ್ತದೆ ಬಿಡು. ಹಾಗೆಲ್ಲ.

ವಾಪಸ್ ಬಂದಾಗ ಅವರು ಫಾರಂ ತುಂಬುತ್ತಿದ್ದರು. ಮ್ಯಾಗ್ನೆಟ್ ಅನ್ನುವ ಸಾಲಿನ ಮುಂದೆ ‘ಇಲ್ಲ’ ಅಂತ ಬರೆದಿದ್ದು ಕಂಡಿತು. ಪಕ್ಕದಲ್ಲೇ ಪ್ರೊಫೆಸರರ ಕಾರ್ಡ್ ಇತ್ತು. ಆ ಮಾಸಿದ ನೀಲಿ ಇಂಕಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದರ ಪಕ್ಕ ಈ ‘ಇಲ್ಲ’. ತಡೆಯಲಾಗಲಿಲ್ಲ.

‘ಮೇಡಂ, ನಾನು ಮುಟ್ಟಿಸಿದ್ದೇನೆ’ ಅಂದೆ.

ಫ್ಯಾನ್ ಶಬ್ದ ಬಿಟ್ಟರೆ ಏನೂ ಇಲ್ಲ. ಎಚ್‌ಓಡಿ ‘ಏನ್ರೀ ಇದು’ ಅಂದರು. ಸಂಶೋಧಕಿ ಬೈಯಲಿಲ್ಲ. ಯಾವಾಗ, ಯಾವ ಮ್ಯಾಗ್ನೆಟ್, ಎಷ್ಟು ಹೊತ್ತು ಅಂತ ಕೇಳಿ ಬರೆದುಕೊಂಡರು. ಕೊನೆಗೆ, ‘ಯಾವ ಬದಿ ಸರ್?’ ಅಂದರು. ಅವರ ದನಿಯಲ್ಲಿ ಇನ್ನೂ ಆಸೆ ಇತ್ತು. ಒಂದೇ ಬದಿ ಆಗಿದ್ದರೆ ಆಚೆ ತುದಿಯಿಂದ ಚೂರು ತೆಗೆಯಬಹುದಿತ್ತು.

‘ಎಲ್ಲ ಬದಿ’ ಅಂದೆ.

ಅವರು ಪೆನ್ನು ಕೆಳಗಿಟ್ಟರು.

ಆಮೇಲೆ ಅವರೇ ಬಿಡಿಸಿ ಹೇಳಿದರು. ಜೋರು ಮ್ಯಾಗ್ನೆಟ್ ಹತ್ತಿರ ಬಂದ ಕ್ಷಣವೇ ಹಳೆಯ ಗುರುತು ಅಳಿಸಿ, ಮ್ಯಾಗ್ನೆಟ್ಟಿನ ಗುರುತು ಕೂರುತ್ತದೆ. ಎರಡು ನಿಮಿಷ ಬೇಕಿಲ್ಲ. ಬಿಳಿ ಚೂರು, ವಯಸ್ಸು, ರಾಸಾಯನಿಕ ಗುಣ ಯಾವುದಕ್ಕೂ ಏನೂ ಆಗಿಲ್ಲ ಅಂತ ಸಮಾಧಾನ ಮಾಡಿದರು. ಅವರಿಗೆ ಬೇಕಿದ್ದದ್ದು ಮಾತ್ರ ಹೋಗಿತ್ತು. ಖಾಲಿ ಡಬ್ಬಿ ಹಾಗೇ ಬ್ಯಾಗಿಗೆ ಹಾಕಿಕೊಂಡು ಮಧ್ಯಾಹ್ನದ ಟ್ರೈನಿಗೆ ಹೊರಟರು. 2023ರಲ್ಲಿ ಬಂದ ಒಂದು ಅಧ್ಯಯನದ ಲಿಂಕ್ ಅವರೇ ಕಳಿಸಿದರು. ಸಹಾರಾದಲ್ಲಿ ಸಿಕ್ಕ, ಮಂಗಳ ಗ್ರಹದಿಂದ ಬಂದ ಎನ್‌ಡಬ್ಲ್ಯುಎ 7034 ಅನ್ನುವ ಕಲ್ಲಿನ ತುಂಡುಗಳದ್ದೂ ಇದೇ ಕಥೆ. ಹುಡುಕುವವರ, ಮಾರುವವರ ಕೈಯ ಮ್ಯಾಗ್ನೆಟ್ಟೇ ಮಂಗಳದ ಹಳೆಯ ಕಾಂತಕ್ಷೇತ್ರದ ಗುರುತನ್ನು ಅಳಿಸಿತ್ತು. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ಈಜಿಪ್ಟಿನ ರಾಜ ಟುಟಂಖಾಮನ್ ಸಮಾಧಿಯ ಕಠಾರಿಯೂ ಉಲ್ಕೆಯ ಕಬ್ಬಿಣದ್ದು. 2016ರಲ್ಲಿ ಎಕ್ಸ್-ರೇ ಹಾಯಿಸಿ, ಒಂದು ಕಣವನ್ನೂ ಕೆರೆಯದೆ, ಅದರಲ್ಲಿ ಸುಮಾರು 11 ಶೇಕಡಾ ನಿಕ್ಕಲ್ ಇದೆ ಅಂತ ಕಂಡುಕೊಂಡರು. ಕೆನಡಾದಲ್ಲಿ 2000ದ ಜನವರಿಯಲ್ಲಿ ಟಾಗಿಶ್ ಸರೋವರದ ಹಿಮದ ಮೇಲೆ ಉಲ್ಕೆ ಬಿದ್ದಾಗ, ಅದನ್ನು ಹೆಕ್ಕಿದವರು ಬರಿಗೈಯಿಂದ ಮುಟ್ಟದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರ್‌ನಲ್ಲಿಟ್ಟಿದ್ದರು. ಅವರು ಊರಿನ ಸಾಮಾನ್ಯ ಮನುಷ್ಯ. ನಾನು 15 ವರ್ಷ ಇದೇ ಕೆಲಸ ಮಾಡಿದ್ದವನು. ಈ ಮಾತು ನನ್ನನ್ನು ಬಿಡುವುದೇ ಇಲ್ಲ.

ವಿಭಾಗದವರು ಮಾಡಿದ್ದೇನು? ಹೊರಗಿನವರು ಕಲ್ಲು ತಂದು ತೋರಿಸುವಂತಿಲ್ಲ ಅಂತ ಸರ್ಕ್ಯುಲರ್ ಹೊರಡಿಸಿದರು. ತಪ್ಪು ಮಾಡಿದ್ದು ನಾನು, ಬಾಗಿಲು ಮುಚ್ಚಿದ್ದು ರೈತರಿಗೆ. ನಾಳೆ ಮಂಡ್ಯದ ಗದ್ದೆಯಲ್ಲಿ ನಿಜವಾದ ಉಲ್ಕೆ ಬಿದ್ದರೆ ಅವರು ಯಾರ ಹತ್ತಿರ ಹೋಗಬೇಕು? ದೇಶದಲ್ಲಿ ಬಿದ್ದ ಉಲ್ಕೆಗಳನ್ನು ಕಾಯುವುದು ಜಿಎಸ್‌ಐ, ಅಂದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅಂತ ಅವರಿಗೆ ಹೇಳುವವರಾದರೂ ಯಾರು? ಎರಡು ವರ್ಷ ಜಗಳ ಆಡಿ ಆ ಸರ್ಕ್ಯುಲರ್ ತೆಗೆಸಿದೆ. ಕಲ್ಲು ಕಾಂತಕ್ಕೆ ಎಷ್ಟು ಸ್ಪಂದಿಸುತ್ತದೆ ಅಂತ ಅಳೆಯುವ ಸಸೆಪ್ಟಿಬಿಲಿಟಿ ಮೀಟರ್ ಇದ್ದರೆ ಮ್ಯಾಗ್ನೆಟ್ಟೇ ಬೇಡ. ಮೂರು ಸಲ ಇಂಡೆಂಟ್ ಹಾಕಿದೆ, ಮೂರು ಸಲವೂ ‘ಅಗತ್ಯ ವಿವರಿಸಿ’ ಅಂತ ವಾಪಸ್ ಬಂತು. ಐದು ಗಂಟೆಗೆ ಎಸಿ ಆಫ್ ಮಾಡಿಸುತ್ತಾರೆ. ಮಳೆಗಾಲದಲ್ಲಿ ಕಾಂಪೊ ಬಿಲ್ಲೆಯ ಅಂಚಿನಲ್ಲಿ ಕಂದು ಹನಿ ಬೆವರುತ್ತದೆ. ತೇವ ಹೀರಲು ಇಟ್ಟ ನೀಲಿ ಸಿಲಿಕಾ ಜೆಲ್ ಹತ್ತು ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಓವನ್‌ನಲ್ಲಿ ಒಣಗಿಸಿ ಮತ್ತೆ ಇಡುತ್ತೇನೆ. ಹೊಸ ಕಲ್ಲು ಸಿಕ್ಕಿತು ಅಂದರೆ ಪೇಪರಿನವರನ್ನು ಕರೆಯಲು ಓಡುವವರು, ಇದ್ದ ಕಲ್ಲನ್ನು ಒಣಗಿಸಿಡಲು ಒಂದು ಕೆ.ಜಿ. ಜೆಲ್ ಕೊಡಲು ಹಿಂದೆ ಮುಂದೆ ನೋಡುತ್ತಾರೆ.

ಈಗ ನನ್ನ ಜೇಬಿನಲ್ಲಿ ಏನೂ ಇರುವುದಿಲ್ಲ. ಯಾರಾದರೂ ಕಲ್ಲು ತಂದರೆ ಮೊದಲು ಲೆನ್ಸ್ ಹಿಡಿದು ನೋಡುತ್ತೇನೆ. ತೂತು ಇದೆಯಾ, ಸಿಪ್ಪೆ ಇದೆಯಾ, ಪಿಂಗಾಣಿ ಬಿಲ್ಲೆಯ ಹಿಂಬದಿಗೆ ಉಜ್ಜಿದರೆ ಕಬ್ಬಿಣದ ಅದಿರಿನ ಹಾಗೆ ಕೆಂಪು ಗೆರೆ ಬರುತ್ತದಾ. ಬಂದವುಗಳಲ್ಲಿ ಬಹುತೇಕ ಇಷ್ಟರಲ್ಲೇ ಇತ್ಯರ್ಥವಾಗುತ್ತವೆ. ನಾಗಮಂಗಲದ ಆ ಕಿಟ್ಟವೂ ಆಗಿತ್ತು, ಮ್ಯಾಗ್ನೆಟ್ ಹೊರಗೆ ಬರುವ ಮೊದಲೇ. ಅದಕ್ಕೂ ಅಕ್ಸೆಷನ್ ನಂಬರ್ ಕೊಟ್ಟು, ಊರು, ಹೊಲ, ತಂದ ದಿನ ಬರೆದು ಕೆಳಗಿನ ಅರೆಯಲ್ಲಿಟ್ಟಿದ್ದೇನೆ.

ಅಯೆಂಡೆಯ ಕಾರ್ಡಿನಲ್ಲಿ ಬರೆಯುವುದು ಬೇಡ, ಸುಮ್ನೆ ವಿಭಾಗದ ಹೆಸರು ಹಾಳು ಅಂತ ಎಚ್‌ಓಡಿ ಹೇಳಿದ್ದರು. ನಾನು ಕೇಳಲಿಲ್ಲ. ಪ್ರೊಫೆಸರರ ಕೈಬರಹದ ಕೆಳಗೆ ಆ ಜುಲೈನ ತಾರೀಖು ಹಾಕಿ, ಜೋರು ಮ್ಯಾಗ್ನೆಟ್ ಮುಟ್ಟಿಸಲಾಗಿದೆ, ಎಲ್ಲ ಬದಿ, ಅಂತ ಬರೆದು ನನ್ನ ಸಹಿ ಮಾಡಿದೆ. ಕಳೆದ ವಾರ ಆ ಹುಡುಗನಿಗೆ ಮೊದಲು ಓದಿಸಿದ್ದು ಆ ಸಾಲನ್ನೇ. ಓದಿ ಮುಗಿಸಿ, ಕೀಲಿ ಗೊಂಚಲನ್ನು ತಾನಾಗಿ ಹೊರಗಿನ ಮೇಜಿನ ಮೇಲಿಟ್ಟು ಒಳಗೆ ಬಂದ.