ಗೆದ್ದ ಮರುದಿನವೇ ಮನೆಗೆ

ಶನಿವಾರ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡ ಮತ್ತೆ ಸೋತಿತು. ನಾಲ್ಕನೇ ಡೌನ್, ಅಂದರೆ ಮುಂದೆ ಸಾಗಲು ಕೊನೆಯ ಪ್ರಯತ್ನ; ಬೇಕಿದ್ದದ್ದು ಒಂದೇ ಗಜ. ನಮ್ಮ ಕೋಚ್ ಪಂಟ್ ಮಾಡಿಸಿದರು, ಅಂದರೆ ಚೆಂಡನ್ನು ದೂರ ಒದೆಸಿ ಎದುರಾಳಿಗೆ ಬಿಟ್ಟುಕೊಟ್ಟರು! ನನಗೂ ಮೈ ಉರಿಯಿತು. ಸ್ಟೇಡಿಯಂ ಪಾರ್ಕಿಂಗ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ನಾಳೆಯೇ ಕಿತ್ತುಹಾಕಿ.'

ಅಷ್ಟು ಸುಲಭಾನಾ? ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಕಥೆ ನೆನಪಿದೆ ಅಲ್ವಾ? ಅಲ್ಲಿನ ಕೋಚ್ ಜಿಂಬೊ ಫಿಶರ್ ಒಪ್ಪಂದವನ್ನು 2021ರಲ್ಲಿ 2031ರವರೆಗೆ ಎಳೆದರು. 2023ರ ನವೆಂಬರ್‌ನಲ್ಲಿ, ಮಿಸ್ಸಿಸ್ಸಿಪ್ಪಿ ಸ್ಟೇಟ್ ಮೇಲೆ 51-10ರಿಂದ ಗೆದ್ದ ಮರುದಿನವೇ, ತೆಗೆದುಹಾಕಿದರು. ಒಪ್ಪಂದದ ಪ್ರಕಾರ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಜಾಸ್ತಿ. ಸುಮ್ನೆ ಮನೆಯಲ್ಲಿ ಕೂರೋದಕ್ಕೆ! (ನನ್ನನ್ನೂ ಯಾರಾದರೂ ಹೀಗೆ ತೆಗೆಯಬಾರದಾ?)

ನಮ್ಮ ಕೋಚ್ ಒಪ್ಪಂದವೂ ಇನ್ನೂ ಮೂರು ವರ್ಷ ಬಾಕಿ. ಹಾಗೆ ಕೊಡಬೇಕಾದ ಹಣಕ್ಕೆ ಕಾಲೇಜಿನ ದಾನಿಗಳು ಚೆಕ್ ಬರೆಯುವವರೆಗೆ ಅವರು ಅಲ್ಲಾಡುವುದಿಲ್ಲ. ಬೈಯುತ್ತಲೇ ಮುಂದಿನ ಶನಿವಾರದ ಟಿಕೆಟ್ ತೆಗೆದಿಟ್ಟಿದ್ದೇನೆ.